ಪದ ಪರಿಚಯ: ಫಂಡ್ ಮ್ಯಾನೇಜರ್

ಮ್ಯೂಚುವಲ್ ಫಂಡ್ ಯೋಜನೆಯೊಂದರಲ್ಲಿ ಸೇರಿದ ಜನರ ರೊಕ್ಕದಿಂದ ಯಾವ ಷೇರು ಅಥವಾ ಸಾಲಪತ್ರ ಕೊಳ್ಳಬೇಕು, ಎಷ್ಟು ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ತೀರ್ಮಾನಿಸುವವರು ಫಂಡ್ ಮ್ಯಾನೇಜರ್. ಇವರು ಫಂಡ್ ಕಂಪನಿಯ ಸಂಬಳದ ನೌಕರರು. ಬೆಳಗಾವಿ ಕಡೆಯ ಭಿಶಿಯಲ್ಲಿ (ಚೀಟಿ ವ್ಯವಹಾರ) ಅದನ್ನು ನಡೆಸುವವನ ಕೈಯಲ್ಲೇ ರೊಕ್ಕ ಇರುತ್ತದೆ, ಇಲ್ಲಿ ಹಾಗಲ್ಲ. ಷೇರುಗಳು ಅವನ್ನು ಕಾಪಾಡುವ ಬೇರೆ ಸಂಸ್ಥೆಯಾದ ಕಸ್ಟೋಡಿಯನ್ ಬಳಿ ಇರುತ್ತವೆ. ಯಾರ ಹೆಸರಿಗೆ ಎಷ್ಟು ಯೂನಿಟ್ (ಫಂಡಿನಲ್ಲಿ ಹೂಡಿಕೆದಾರರ ಪಾಲು) ಎಂಬ ಲೆಕ್ಕ ಕ್ಯಾಮ್ಸ್ ಅಥವಾ ಕೆಫಿನ್‌ಟೆಕ್‌ನಂಥ ರಿಜಿಸ್ಟ್ರಾರ್ ಬಳಿ. ಎಲ್ಲದರ ಮೇಲೂ ಹೂಡಿಕೆದಾರರ ಪರ ಇರುವ ಟ್ರಸ್ಟಿಗಳ ಕಣ್ಣು. ಹಾಗಾಗಿ ಫಂಡ್ ಮ್ಯಾನೇಜರ್ ರೊಕ್ಕ ಎತ್ತಿಕೊಂಡು ಓಡಿಹೋದಾರು ಎಂದು ಹೆದರುವವರು ಸುಮ್ಮನೆ ಹೆದರುತ್ತಾರೆ. ತಪ್ಪು ಷೇರು ಕೊಂಡಾರು ಎಂಬ ಹೆದರಿಕೆ ಸರಿಯಾದದ್ದು. ಆ ನಷ್ಟ ಪೂರ್ತಿ ಯೂನಿಟ್ ಇದ್ದವರದೇ.

ಅವರಿಗಿರುವ ಸ್ವಾತಂತ್ರ್ಯ ಜನ ಅಂದುಕೊಂಡಷ್ಟಿಲ್ಲ. 2017ರ ಅಕ್ಟೋಬರ್‌ನಲ್ಲಿ ಷೇರು ಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಹಾಕಿಕೊಟ್ಟ ವರ್ಗೀಕರಣದಲ್ಲಿ ಮಾರುಕಟ್ಟೆ ಮೌಲ್ಯದ ಮೊದಲ 100 ಕಂಪನಿಗಳು ಲಾರ್ಜ್ ಕ್ಯಾಪ್, 101ರಿಂದ 250ರವರೆಗಿನವು ಮಿಡ್ ಕ್ಯಾಪ್, ಮುಂದಿನವೆಲ್ಲ ಸ್ಮಾಲ್ ಕ್ಯಾಪ್. ಲಾರ್ಜ್ ಕ್ಯಾಪ್ ಫಂಡಿನ ಕನಿಷ್ಠ ಶೇ 80, ಸ್ಮಾಲ್ ಕ್ಯಾಪ್ ಫಂಡಿನ ಕನಿಷ್ಠ ಶೇ 65 ಹಣ ಆಯಾ ಗುಂಪಿನ ಷೇರುಗಳಲ್ಲೇ ಇರಬೇಕು. ಇಂಥ ಫಂಡುಗಳಲ್ಲಿ ಒಂದೇ ಕಂಪನಿಯ ಷೇರಿಗೆ ಯೋಜನೆಯ ಶೇ 10ಕ್ಕಿಂತ ಹೆಚ್ಚು ಹಾಕುವಂತಿಲ್ಲ. ‘ಪೇಟೆ ಬೀಳುತ್ತದೆ ಅಂತ ಗೊತ್ತಿದ್ದೂ ಎಲ್ಲ ಮಾರಿ ಯಾಕೆ ಕೂರಲಿಲ್ಲ?’ ಎಂದು ಬೈಯುವ ಹೂಡಿಕೆದಾರರಿಗೆ ಉತ್ತರ ಆ ಶೇ 80, ಶೇ 65ರ ನಿಯಮದಲ್ಲೇ ಇದೆ.

ಪೇಟೆ ಬೆಳಿಗ್ಗೆ 9:15ಕ್ಕೆ ತೆರೆಯುವ ಮೊದಲೇ ಕಂತಿನ ಹೂಡಿಕೆಯಾದ ಎಸ್‌ಐಪಿಯಿಂದ ಬಂದದ್ದೆಷ್ಟು, ವಾಪಸ್ ಕೇಳಿದ್ದೆಷ್ಟು ಎಂಬ ನಗದು ಲೆಕ್ಕ ಮೇಜಿಗೆ ಬರುತ್ತದೆ. ಪ್ರತಿ ಕೊಳ್ಳುವಿಕೆ, ಮಾರಾಟಕ್ಕೂ ಕಾರಣ ಬರೆದಿಡಬೇಕು. ಆರ್ಡರ್ ಹಾಕುವವರು ಡೀಲರ್, ಅಂದರೆ ಬೇರೆಯೇ ವ್ಯಕ್ತಿ. ಡೀಲಿಂಗ್ ಕೋಣೆಯ ಮಾತುಕತೆ ರೆಕಾರ್ಡ್ ಆಗುತ್ತದೆ. ಇಷ್ಟೆಲ್ಲ ಬಿಗಿ ಮಾಡಿದ್ದಕ್ಕೆ ಮುಖ್ಯ ಕಾರಣ ಫ್ರಂಟ್ ರನ್ನಿಂಗ್. ಫಂಡ್ ದೊಡ್ಡ ಮೊತ್ತದಲ್ಲಿ ಕೊಳ್ಳಲಿದೆ ಎಂದು ಮೊದಲೇ ತಿಳಿದವರು ನೆಂಟರ ಖಾತೆಯಲ್ಲಿ ಆ ಷೇರು ಕೊಂಡಿಟ್ಟು, ಬೆಲೆ ಏರಿದ ಮೇಲೆ ಫಂಡಿಗೇ ಮಾರುವ ಕಳ್ಳತನ ಇದು.

ಷೇರು ಆರಿಸುವುದಕ್ಕಿಂತ ಕಷ್ಟದ್ದು ಗಾತ್ರದ ಲೆಕ್ಕ. 5,000 ಕೋಟಿ ರೂಪಾಯಿಯ ಸ್ಮಾಲ್ ಕ್ಯಾಪ್ ಫಂಡ್ ಒಂದು ಷೇರಿಗೆ ಶೇ 2 ಕೊಡಬೇಕೆಂದರೆ 100 ಕೋಟಿ ಬೇಕು. ಆ ಷೇರಿನ ದಿನದ ವಹಿವಾಟು 4 ಕೋಟಿ ಇದ್ದು, ಬೆಲೆ ಕೆಡದಂತೆ ಅದರ ಕಾಲುಪಾಲು ಮಾತ್ರ ಕೊಳ್ಳುವುದಾದರೆ ದಿನಕ್ಕೆ 1 ಕೋಟಿ. ಅಂದರೆ 100 ವಹಿವಾಟಿನ ದಿನ, ಸುಮಾರು ಐದು ತಿಂಗಳು. ಹೊರಬರುವುದಕ್ಕೂ ಅಷ್ಟೇ ಕಾಲ ಬೇಕು, ಮತ್ತು ಪೇಟೆ ಬೀಳುವಾಗ ವಹಿವಾಟೇ ಕುಗ್ಗುವುದರಿಂದ ಇನ್ನೂ ಹೆಚ್ಚು. 200 ಕೋಟಿ ಇದ್ದಾಗ ಚೆನ್ನಾಗಿ ಓಡಿದ ಫಂಡ್ 20,000 ಕೋಟಿ ಆದಮೇಲೆ ಮಂದವಾಗುವುದು ಬಹಳ ಸಲ ಇದಕ್ಕೇ, ಮ್ಯಾನೇಜರ್ ಬುದ್ಧಿ ಕಳೆದುಕೊಂಡಿದ್ದಕ್ಕಲ್ಲ. ಮಿಡ್ ಮತ್ತು ಸ್ಮಾಲ್ ಕ್ಯಾಪ್ ಫಂಡುಗಳು ತಮ್ಮ ಹೂಡಿಕೆಯ ಶೇ 25 ಮತ್ತು ಶೇ 50 ಭಾಗ ಮಾರಲು ಎಷ್ಟು ದಿನ ಬೇಕು ಎಂಬುದನ್ನು 2024ರ ಮಾರ್ಚ್‌ನಿಂದ ಪ್ರಕಟಿಸುತ್ತಿವೆ. ರಿಟರ್ನ್ಸ್ ಪಟ್ಟಿಗಿಂತ ಮೊದಲು ನೋಡಬೇಕಾದದ್ದು ಅದು.

ಇನ್ನು ಸಂಶೋಧನೆ. ಸಕ್ಕರೆ ಕಂಪನಿಯ ಷೇರು ಕೊಳ್ಳುವ ಮೊದಲು ಕೇಳುವ ಪ್ರಶ್ನೆಗಳು ಅಥಣಿ, ಮುಧೋಳ, ಜಮಖಂಡಿಯ ಕಬ್ಬು ಬೆಳೆಗಾರರಿಗೆ ಹೊಸವಲ್ಲ: ಹಂಗಾಮಿನಲ್ಲಿ ಎಷ್ಟು ದಿನ ನುರಿಸಿದರು, ರಿಕವರಿ (ಕಬ್ಬಿನಿಂದ ಸಿಕ್ಕ ಸಕ್ಕರೆಯ ಪ್ರಮಾಣ) ಎಷ್ಟು ಬಂತು, ಕಬ್ಬಿನ ಬಿಲ್ ಎಷ್ಟು ಬಾಕಿ, ಎಥೆನಾಲ್‌ಗೆ ಎಷ್ಟು ತಿರುಗಿಸಿದರು. 2025–26ರ ಹಂಗಾಮಿಗೆ ಕಾರ್ಖಾನೆಗಳು ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಅಂದರೆ ಕೇಂದ್ರದ ಎಫ್‌ಆರ್‌ಪಿ ಶೇ 10.25 ರಿಕವರಿಗೆ ಕ್ವಿಂಟಲ್‌ಗೆ 355 ರೂ. ಕಚ್ಚಾ ಮಾಲಿನ ಕನಿಷ್ಠ ದರ ಸರ್ಕಾರದ ಕೈಯಲ್ಲಿ, ರಫ್ತು ಬಿಡುವುದೂ ತಡೆಯುವುದೂ ಸರ್ಕಾರದ ಕೈಯಲ್ಲಿ. 2023ರ ಡಿಸೆಂಬರ್ 7ರಂದು ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದನ್ನು ಕೇಂದ್ರ ತಡೆದಾಗ ಸಕ್ಕರೆ ಷೇರುಗಳು ಕುಸಿದವು; ಲೆಕ್ಕ ಸರಿಯಾಗಿ ಹಾಕಿದವರದ್ದೂ ಹೋಯಿತು. ಇಂಥ ವಲಯದ ಷೇರನ್ನು ಎಷ್ಟೇ ಇಷ್ಟವಾದರೂ ಶೇ 1–2ರ ಮೇಲೆ ಏರಿಸದಿರುವುದೇ ಜಾಣತನ.

ಈ ಕೆಲಸಕ್ಕೆ ನೇರ ಭರ್ತಿ ಇಲ್ಲವೆಂದೇ ಹೇಳಬೇಕು. ವಿಜಯಪುರದಲ್ಲೋ ಬಾಗಲಕೋಟೆಯಲ್ಲೋ ಬಿ.ಕಾಂ. ಮುಗಿಸಿದವರು ಸಾಮಾನ್ಯವಾಗಿ ಸಿಎ, ಎಂಬಿಎ ಅಥವಾ ಹೂಡಿಕೆ ವಿಶ್ಲೇಷಣೆಯ ಮೂರು ಹಂತದ ಪರೀಕ್ಷೆಯಾದ ಸಿಎಫ್‌ಎ ದಾರಿ ಹಿಡಿಯುತ್ತಾರೆ. ಆಮೇಲೆ ಬ್ರೋಕರೇಜ್ ಅಥವಾ ಫಂಡ್ ಕಂಪನಿಯಲ್ಲಿ ಅನಲಿಸ್ಟ್ ಕೆಲಸ, ಹೆಚ್ಚಾಗಿ ಮುಂಬೈಯಲ್ಲಿ. ಒಂದೆರಡು ವಲಯ ಹಿಡಿದು ವರ್ಷಗಟ್ಟಲೆ ಬ್ಯಾಲೆನ್ಸ್ ಶೀಟ್ ಓದಿ, ಎಕ್ಸೆಲ್‌ನಲ್ಲಿ ಅಂದಾಜು ಮಾಡಿ, ಆ ಅಂದಾಜು ತಪ್ಪಿದಾಗ ಮೀಟಿಂಗ್‌ನಲ್ಲಿ ಉತ್ತರ ಕೊಟ್ಟು, ಸಹಾಯಕ ಮ್ಯಾನೇಜರ್ ಆಗಿ, ಕೊನೆಗೆ ಒಂದು ಯೋಜನೆ ಕೈಗೆ ಬರುತ್ತದೆ. ಬಂದ ಮೇಲೆ ತುಲನೆ ಸೂಚ್ಯಂಕದೊಂದಿಗೆ, ಅದೂ 2018ರ ಫೆಬ್ರುವರಿಯಿಂದ ಡಿವಿಡೆಂಡ್ ಸೇರಿಸಿ ಲೆಕ್ಕ ಹಾಕಿದ ಸೂಚ್ಯಂಕವಾದ ಟಿಆರ್‌ಐ ಜೊತೆ. 2021ರ ಸೆಬಿ ನಿಯಮದಂತೆ ಸಂಬಳದ ಒಂದು ಪಾಲು ತಾವೇ ನಡೆಸುವ ಫಂಡಿನ ಯೂನಿಟ್ ರೂಪದಲ್ಲಿ ಸಿಗುತ್ತದೆ, ಅದನ್ನು ಮೂರು ವರ್ಷ ಮುಟ್ಟುವಂತಿಲ್ಲ. ಈ ನಿಯಮ ಒಳ್ಳೆಯದೇ ಆಯಿತು.

ಫಂಡ್ ನಡೆಸಲು ಕಂಪನಿ ಹಿಡಿದುಕೊಳ್ಳುವ ಖರ್ಚಿನ ಅನುಪಾತ ಶೇ 1.5 ಇದ್ದರೆ ಲಕ್ಷ ರೂಪಾಯಿಗೆ ವರ್ಷಕ್ಕೆ 1,500, ದಿನಕ್ಕೆ ನಾಲ್ಕು ರೂಪಾಯಿಯಷ್ಟು ಯೂನಿಟ್ ಬೆಲೆಯಾದ ಎನ್‌ಎವಿಯಿಂದ ಕಡಿತವಾಗುತ್ತದೆ, ಲಾಭವಿರಲಿ ನಷ್ಟವಿರಲಿ. ಏಜೆಂಟರ ಕಮಿಷನ್ ಇಲ್ಲದ ಡೈರೆಕ್ಟ್ ಪ್ಲಾನ್ 2013ರ ಜನವರಿಯಿಂದ ಇದೆ. ಅದರಲ್ಲಿ ಕಡಿತ ಕಡಿಮೆ.

ಮ್ಯಾನೇಜರ್ ಬದಲಾದರೆ ಕೂಡಲೇ ಹಣ ತೆಗೆಯಬೇಕಿಲ್ಲ. ತಿಂಗಳು ಮುಗಿದ 10 ದಿನದೊಳಗೆ ಪ್ರಕಟವಾಗುವ ಹೂಡಿಕೆ ಪಟ್ಟಿಯನ್ನು ಒಂದು ವರ್ಷ ಗಮನಿಸಿ, ಷೇರುಗಳ ಜಾತಿಯೇ ಬದಲಾಗಿದ್ದರೆ ಆಗ ಯೋಚಿಸಬಹುದು. ಆದರೆ ವಾಟ್ಸಾಪ್ ಗುಂಪಿನಲ್ಲಿ ‘ನಾನು ಫಂಡ್ ಮ್ಯಾನೇಜರ್, ತಿಂಗಳಿಗೆ ಶೇ 3 ಗ್ಯಾರಂಟಿ’ ಎನ್ನುವವರ ವಿಷಯದಲ್ಲಿ ಕಾಯುವುದೇನೂ ಇಲ್ಲ. ಷೇರು ಫಂಡಿನಲ್ಲಿ ಯಾರೂ ಗ್ಯಾರಂಟಿ ಕೊಡುವಂತಿಲ್ಲ. ಪಿಎಂಎಸ್ (ಒಬ್ಬೊಬ್ಬರ ಹಣವನ್ನು ಬೇರೆಬೇರೆಯಾಗಿ ಹೂಡಿಕೊಡುವ ಸೇವೆ) ಎಂದು ಹೇಳಿಕೊಂಡರೆ ಅಲ್ಲಿ ಕನಿಷ್ಠ ಹೂಡಿಕೆಯೇ 50 ಲಕ್ಷ, ಮತ್ತು ನೋಂದಣಿ ಸಂಖ್ಯೆ ಸೆಬಿ ವೆಬ್‌ಸೈಟಿನಲ್ಲಿ ಇರಲೇಬೇಕು.