ಗ್ರಾಂಟ್ ಸಿಕ್ಕಿತು, ಗಿರಾಕಿ ಎಲ್ಲಿ?

ಪೀಣ್ಯ ಎರಡನೇ ಹಂತದಲ್ಲಿ ನನಗೆ ಗೊತ್ತಿರುವ ಒಂದು ಶೆಡ್ ಇದೆ. ಮುಂದೆ ಎರಡು ಸಿಎನ್‌ಸಿ ಮೆಷಿನ್, ಹಿಂದೆ ಗಾಜಿನ ಪಾರ್ಟಿಷನ್ ಹಾಕಿದ ಸಣ್ಣ ರೂಮು. ಆ ರೂಮಿನಲ್ಲಿ ಅಪ್ಪ ಮತ್ತು ಮಗಳು ಸೇರಿ ಕೊರೆಯುವ ಚಳಿಯಲ್ಲೂ ಸೊರಗದ ಬ್ಯಾಟರಿ ಪೆಟ್ಟಿಗೆ ಮಾಡುತ್ತಿದ್ದಾರೆ. ಎರಡು ವರ್ಷದ ಹಿಂದೆ ಅಪ್ಪ ಫೋನ್ ಮಾಡಿದರು. ‘ಸರ್, ಸೇನೆಗೆ ಹೊಸ ಸಾಮಾನು ಮಾಡಿದರೆ ಒಂದೂವರೆ ಕೋಟಿ ಗ್ರಾಂಟ್ ಕೊಡ್ತಾರಂತೆ. ಅಪ್ಲೈ ಮಾಡೋಣ್ವಾ?’

‘ಮಾಡೋಣ. ನಿಮ್ಮ ಪಾಲಿನ ದುಡ್ಡು ಎಲ್ಲಿದೆ?’ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

ಸಣ್ಣ ಕಂಪನಿಗಳಿಗೆ ಟೆಂಡರ್, ಪ್ರಪೋಸಲ್, ಕಾಸ್ಟಿಂಗ್ ಮಾಡಿಕೊಡುವುದು ನನ್ನ ಕೆಲಸ. ವಾರಕ್ಕೆ ಒಂದಾದರೂ ಇಂಥ ಫೋನ್ ಬರುತ್ತದೆ. ಪೇಪರಿನಲ್ಲಿ ‘ಒಂದೂವರೆ ಕೋಟಿ’, ‘ಹತ್ತು ಕೋಟಿ’, ‘ಇಪ್ಪತ್ತೈದು ಕೋಟಿ’ ಅಂತ ಬಂದಿರುತ್ತದೆ. ಮೊತ್ತ ಸರಿಯಾಗೇ ಇರುತ್ತದೆ. ಅದನ್ನು ಓದುವ ರೀತಿ ಮಾತ್ರ ತಪ್ಪು.

ಇವರು ಕೇಳಿದ್ದು ಐಡೆಕ್ಸ್ ಯೋಜನೆಯನ್ನು. ರಕ್ಷಣಾ ಸಚಿವಾಲಯದ್ದು. 2018ರ ಏಪ್ರಿಲ್‌ನಲ್ಲಿ ಚೆನ್ನೈ ಡಿಫೆನ್ಸ್ ಎಕ್ಸ್‌ಪೋದಲ್ಲಿ ಶುರುವಾಯಿತು. ಅದರ ಮೊದಲ ಸ್ಟಾರ್ಟಪ್ ಚಾಲೆಂಜ್ ಪ್ರಕಟವಾಗಿದ್ದು ಅದೇ ವರ್ಷ ಆಗಸ್ಟ್‌ನಲ್ಲಿ, ನಮ್ಮ ಬೆಂಗಳೂರಿನಲ್ಲೇ. ಇದನ್ನು ನಡೆಸುವ ಲಾಭರಹಿತ ಕಂಪನಿಗೆ ಮೊದಲು ಬಂಡವಾಳ ಹಾಕಿದ್ದೂ ಇಲ್ಲಿಯ ಸರಕಾರಿ ರಕ್ಷಣಾ ಕಂಪನಿಗಳಾದ ಎಚ್‌ಎಎಲ್ ಮತ್ತು ಬಿಇಎಲ್. ಆ ಮೊದಲ ಪಟ್ಟಿಯಲ್ಲಿ 11 ಸಮಸ್ಯೆಗಳಿದ್ದವು. ಲೇಸರ್ ಆಯುಧ, ಟ್ಯಾಂಕ್ ಒಳಗೆ ಕೂತೇ ಹೊರಗಿನದು ಕಾಣುವಂತೆ ಮಾಡುವ ವ್ಯವಸ್ಥೆ, ಇವುಗಳ ಜೊತೆಗೆ ಉಪ್ಪುನೀರನ್ನು ಸಿಹಿ ಮಾಡುವ ಯಂತ್ರವೂ ಇತ್ತು. ರಕ್ಷಣೆ ಅಂದ ಕೂಡಲೇ ಬಂದೂಕು ಅಂದುಕೊಳ್ಳುವವರಿಗೆ ನಾನು ಈ ಉಪ್ಪುನೀರಿನ ಉದಾಹರಣೆಯನ್ನೇ ಕೊಡುತ್ತೇನೆ.

ಯೋಜನೆಯ ತಿರುಳು ಇಷ್ಟು. ಭೂಸೇನೆ, ನೌಕಾಪಡೆ, ವಾಯುಪಡೆ ಅಥವಾ ಸರಕಾರಿ ರಕ್ಷಣಾ ಕಾರ್ಖಾನೆ ‘ನಮಗೆ ಇಂಥ ತೊಂದರೆ ಇದೆ, ಪರಿಹಾರ ಬೇಕು’ ಅಂತ ಬರೆದು ಹಾಕುತ್ತದೆ. ಸ್ಟಾರ್ಟಪ್‌ಗಳು, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳು, ಒಬ್ಬಂಟಿಯಾಗಿ ಕೆಲಸ ಮಾಡುವವರು ಸಹ ಅರ್ಜಿ ಹಾಕಬಹುದು. ಆಯ್ಕೆಯಾದರೆ ಮೂಲಮಾದರಿ ಮಾಡಲು ಗ್ರಾಂಟ್. ಮೊದಲ ಮಟ್ಟದಲ್ಲಿ ಗರಿಷ್ಠ 1.5 ಕೋಟಿ. ಐಡೆಕ್ಸ್ ಪ್ರೈಮ್‌ನಲ್ಲಿ 10 ಕೋಟಿಯವರೆಗೆ. 2024ರ ಮಾರ್ಚ್‌ನಲ್ಲಿ ಬಂದ ಅದಿತಿಯಲ್ಲಿ 25 ಕೋಟಿಯವರೆಗೆ.

ಈಗ ‘ಗರಿಷ್ಠ’ ಅನ್ನುವ ಪದ ಬಿಟ್ಟು ಅದರ ಪಕ್ಕದ ಸಾಲು ಓದಿ. ಅಭಿವೃದ್ಧಿ ವೆಚ್ಚದ ಅರ್ಧದವರೆಗೆ ಮಾತ್ರ ಗ್ರಾಂಟ್. ಅಂದರೆ ಅವರು ಒಂದು ರೂಪಾಯಿ ಇಟ್ಟರೆ ನೀವೂ ಒಂದು ರೂಪಾಯಿ ಇಡಬೇಕು. ಒಂದೂವರೆ ಕೋಟಿ ಬೇಕು ಅಂದರೆ ನಿಮ್ಮ ಕೆಲಸ ಮೂರು ಕೋಟಿಯದ್ದಾಗಿರಬೇಕು. ಫೋನಿನಲ್ಲಿ ಆ ಕಡೆ ಸದ್ದು ನಿಂತಿದ್ದು ಇದಕ್ಕೇ. ದುಡ್ಡು ಒಂದೇ ಸಲ ಬರುವುದೂ ಇಲ್ಲ. ಕೆಲಸ ಇಷ್ಟು ಮುಗಿಯಿತು ಅಂತ ತೋರಿಸಿದ ಹಾಗೆ ಕಂತು ಕಂತಾಗಿ ಬರುತ್ತದೆ.

ಹಾಗಾದರೆ ಇದರಲ್ಲಿ ಏನು ದೊಡ್ಡ ಲಾಭ? ಗ್ರಾಂಟ್ ಕೊಡುವ ಯೋಜನೆ ಬೇರೆಯೂ ಇವೆ ಅಲ್ವಾ? ಇವೆ. ನಮ್ಮ ರಾಜ್ಯ ಸರಕಾರದ ಎಲಿವೇಟ್‌ನಲ್ಲಿ 50 ಲಕ್ಷದವರೆಗೆ ಸಿಗುತ್ತದೆ. ಬಯೋಟೆಕ್ ಕಡೆಯವರಿಗೆ ಕೇಂದ್ರ ಸರಕಾರದ ಸಂಸ್ಥೆ ಬೈರಾಕ್ ಕೊಡುವ ಬಿಗ್ ಗ್ರಾಂಟ್ ಕೂಡ 50 ಲಕ್ಷದವರೆಗೆ. ಎರಡೂ ಒಳ್ಳೆಯವೇ. ನನ್ನ ಗಿರಾಕಿಗಳಲ್ಲಿ ಕೆಲವರು ಅವುಗಳಿಂದಲೇ ಎದ್ದು ನಿಂತರು. ಆದರೆ ಅಲ್ಲಿ ದುಡ್ಡು ಕೊಡುವವರು ನಿಮ್ಮ ಸಾಮಾನು ಕೊಳ್ಳುವವರಲ್ಲ. ಐಡೆಕ್ಸ್‌ನಂಥ ಯೋಜನೆಯಲ್ಲಿ ದುಡ್ಡಿನ ಹಿಂದೆ ಒಬ್ಬ ಗಿರಾಕಿ ನಿಂತಿರುತ್ತಾನೆ. ಸಣ್ಣ ಕಂಪನಿಗೆ ಗ್ರಾಂಟಿಗಿಂತ ಆ ಗಿರಾಕಿಯೇ ಹೆಚ್ಚು.

ಈ ಉಪಾಯ ನಮ್ಮದಲ್ಲ. ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್‌ನಲ್ಲಿ ರೋಲಂಡ್ ಟಿಬೆಟ್ಸ್ ಅನ್ನುವ ಅಧಿಕಾರಿ 1977ರ ಸುಮಾರಿಗೆ ಸಣ್ಣ ಪ್ರಮಾಣದಲ್ಲಿ ಇದನ್ನು ಮಾಡಿ ನೋಡಿದರು. 1982ರಲ್ಲಿ ಅದು ಕಾನೂನಾಯಿತು. ಅದೇ ಎಸ್‌ಬಿಐಆರ್, ಸಣ್ಣ ಕಂಪನಿಗಳ ಸಂಶೋಧನೆಗೆ ದುಡ್ಡು ಕೊಡುವ ಯೋಜನೆ. ಹೊರಗಿನವರ ಸಂಶೋಧನೆಗೆ ವರ್ಷಕ್ಕೆ 10 ಕೋಟಿ ಡಾಲರ್‌ಗಿಂತ ಜಾಸ್ತಿ ಖರ್ಚು ಮಾಡುವ ಸರಕಾರಿ ಇಲಾಖೆ ಅದರಲ್ಲಿ ಒಂದು ಪಾಲನ್ನು ಸಣ್ಣ ಕಂಪನಿಗಳಿಗೆ ಎತ್ತಿಡಲೇಬೇಕು ಅಂತ ಆ ಕಾನೂನು ಹೇಳಿತು. ಆ ಪಾಲು ಬೆಳೆದು ಬೆಳೆದು 3.2 ಶೇಕಡಾಕ್ಕೆ ಬಂತು. ಮೊಬೈಲ್ ಚಿಪ್‌ಗಳ ಕಂಪನಿ ಕ್ವಾಲ್‌ಕಾಮ್ ಇನ್ನೂ ಸಣ್ಣದಿದ್ದಾಗ ಅದಕ್ಕೂ ಈ ದುಡ್ಡು ಸಿಕ್ಕಿತ್ತು.

ಅಲ್ಲಿ ಮೂರು ಹಂತಗಳಿವೆ. ಮೊದಲ ಹಂತದಲ್ಲಿ ‘ಇದು ಆಗುತ್ತಾ’ ಅಂತ ನೋಡಲು ಸ್ವಲ್ಪ ದುಡ್ಡು. ಎರಡನೇ ಹಂತದಲ್ಲಿ ಮಾದರಿ ಮಾಡಲು ಜಾಸ್ತಿ ದುಡ್ಡು. ಮೂರನೇ ಹಂತಕ್ಕೆ ಯೋಜನೆಯಿಂದ ಒಂದು ಡಾಲರೂ ಇಲ್ಲ. ಮೊದಲ ಸಲ ಓದಿದಾಗ ನನಗೆ ಇದು ಮೋಸ ಅನ್ನಿಸಿತ್ತು. ಆಮೇಲೆ ಗೊತ್ತಾಯಿತು, ಗುಟ್ಟು ಇರುವುದೇ ಅಲ್ಲಿ. ಮೂರನೇ ಹಂತದಲ್ಲಿ ಇಲಾಖೆ ತನ್ನ ಸ್ವಂತ ಖರೀದಿ ದುಡ್ಡಿನಿಂದ ಆ ಕಂಪನಿಗೆ ನೇರವಾಗಿ ಆರ್ಡರ್ ಕೊಡಬಹುದು. ಮತ್ತೆ ಟೆಂಡರ್ ಕರೆಯಬೇಕಿಲ್ಲ. ಪೈಪೋಟಿ ಮೊದಲ ಹಂತದಲ್ಲೇ ಮುಗಿಯಿತು ಅನ್ನುವುದು ಅದರ ಲೆಕ್ಕ.

ಟೆಂಡರ್ ಕಟ್ಟಿದವರಿಗೆ ಇದರ ಬೆಲೆ ಹೇಳಿಕೊಡಬೇಕಿಲ್ಲ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರ ಹಾಕಿದವನಿಗೇ ಆರ್ಡರ್, ಅನ್ನುವ ಪದ ಕೇಳಿದರೆ ನಮ್ಮವರ ಮುಖ ಬಾಡುತ್ತದೆ. ನೀವು ಮೂರು ವರ್ಷ ಒದ್ದಾಡಿ ಹೊಸದೊಂದು ಮಾಡುತ್ತೀರಿ. ಇಲಾಖೆಗೆ ಇಷ್ಟವೂ ಆಗುತ್ತದೆ. ಆಮೇಲೆ ಆ ಸ್ಪೆಸಿಫಿಕೇಶನ್ನನ್ನೇ ಇಟ್ಟುಕೊಂಡು ಟೆಂಡರ್ ಕರೆಯುತ್ತಾರೆ. ನೋಡಿ ಮಾಡಿದವನು ನಿಮಗಿಂತ ನಾಲ್ಕು ರೂಪಾಯಿ ಕಡಿಮೆ ಹಾಕಿ ಎತ್ತಿಕೊಂಡು ಹೋಗುತ್ತಾನೆ. ಅವನಿಗೆ ಸಂಶೋಧನೆಯ ಖರ್ಚೇ ಇಲ್ಲವಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಸ್ಟಾರ್ಟಪ್‌ಗಳಿಗೆ ಇಎಂಡಿ (ಟೆಂಡರ್ ಜೊತೆ ಕಟ್ಟುವ ಠೇವಣಿ) ಇಲ್ಲ, ಹಿಂದಿನ ವಹಿವಾಟು ಮತ್ತು ಅನುಭವದ ಷರತ್ತನ್ನು ಸಡಿಲಿಸಬಹುದು ಅಂತ ಕೇಂದ್ರ ಸರಕಾರದ 2017ರ ಹಣಕಾಸು ನಿಯಮದಲ್ಲಿದೆ. ಕೇಂದ್ರದ ಇಲಾಖೆಗಳು ಖರೀದಿಯ ಕಾಲು ಭಾಗವನ್ನು ಸಣ್ಣ ಉದ್ದಿಮೆಗಳಿಂದ ಮಾಡಬೇಕು ಅಂತಲೂ ಇದೆ. ಇವೆಲ್ಲ ನಿಮ್ಮನ್ನು ಬಾಗಿಲ ಒಳಗೆ ಬಿಡುತ್ತವೆ ಅಷ್ಟೇ. ಒಳಗೆ ಬಂದ ಮೇಲೆ ಎಲ್-1 ಕಾಯುತ್ತಾ ಕೂತಿರುತ್ತದೆ.

ಹಾಗಾಗಿ ಐಡೆಕ್ಸ್ ಕಾಗದದಲ್ಲಿ ನಾನು ಮೊದಲು ಹುಡುಕುವುದು ಗ್ರಾಂಟ್ ಮೊತ್ತವನ್ನಲ್ಲ. ಮಾದರಿ ಪಾಸಾದರೆ ಕನಿಷ್ಠ ಎಷ್ಟು ಕೊಳ್ಳುತ್ತಾರೆ ಅನ್ನುವುದನ್ನು. ರಕ್ಷಣಾ ಖರೀದಿಯ 2020ರ ಕೈಪಿಡಿಯಲ್ಲಿ ಐಡೆಕ್ಸ್ ಸಾಮಾನಿಗೆ ಪ್ರತ್ಯೇಕ ದಾರಿ ಇದೆ. 2022ರಲ್ಲಿ ಅದನ್ನು ಇನ್ನಷ್ಟು ಸಲೀಸು ಮಾಡಿದರು. ‘ಇದು ಬೇಕು’ ಅಂತ ಸಚಿವಾಲಯ ಒಪ್ಪಿದ ದಿನದಿಂದ ಕರಾರಿಗೆ ಸಹಿ ಬೀಳುವವರೆಗೆ ಸುಮಾರು 22 ವಾರ ಅಂತ ಗುರಿ ಇಟ್ಟರು. ರಕ್ಷಣಾ ಖರೀದಿಗೆ ವರ್ಷಗಟ್ಟಲೆ ಕಾದವರಿಗೆ ಇದನ್ನು ನಂಬುವುದೇ ಕಷ್ಟ.

ದಾರಿ ಸುಮ್ನೆ ಕಾಗದದ ಮೇಲಷ್ಟೇ ಇಲ್ಲ. ಬೆಂಗಳೂರಿನ ಕ್ಯೂನು ಲ್ಯಾಬ್ಸ್ ಐಡೆಕ್ಸ್ ಅಡಿಯಲ್ಲಿ ಕ್ವಾಂಟಮ್ ಕೀ, ಅಂದರೆ ಗುಪ್ತ ಸಂದೇಶಕ್ಕೆ ಬೇಕಾದ ಕೀಲಿ, ಹಂಚುವ ವ್ಯವಸ್ಥೆ ಮಾಡಿತು. 150 ಕಿಲೋಮೀಟರ್‌ಗಿಂತ ದೂರ ಮುಟ್ಟುವಂಥದ್ದು. 2022ರ ಆಗಸ್ಟ್‌ನಲ್ಲಿ ಭೂಸೇನೆ ಅದನ್ನು ಕೊಳ್ಳುವ ಪ್ರಕ್ರಿಯೆಯನ್ನೇ ಶುರು ಮಾಡಿತು. 2023ರ ನವೆಂಬರ್‌ನಲ್ಲಿ ಐಡೆಕ್ಸ್‌ನ 300ನೇ ಕರಾರಿಗೆ ಸಹಿ ಹಾಕಿದ್ದೂ ಬೆಂಗಳೂರಿನ ಪಿಕ್ಸೆಲ್, 150 ಕಿಲೋವರೆಗಿನ ಪುಟ್ಟ ಉಪಗ್ರಹಕ್ಕೆ. ಆದರೆ 300 ಕರಾರು ಅಂದರೆ 300 ಖರೀದಿ ಅಲ್ಲ. ಅವು ಮಾದರಿ ಮಾಡುವ ಕರಾರು. ಈ ವ್ಯತ್ಯಾಸವನ್ನು ಬ್ಯಾಂಕ್ ಮ್ಯಾನೇಜರ್ ಕೇಳುವ ಮುಂಚೆ ನೀವೇ ನಿಮ್ಮನ್ನು ಕೇಳಿಕೊಳ್ಳಿ.

ಸರಕಾರಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ತಂತ್ರಜ್ಞಾನ ಅಭಿವೃದ್ಧಿ ನಿಧಿ ಬಗ್ಗೆಯೂ ಕೇಳುತ್ತಾರೆ. ಅಲ್ಲಿ ಒಂದು ಯೋಜನೆಗೆ 50 ಕೋಟಿವರೆಗೆ, ವೆಚ್ಚದ 90 ಶೇಕಡಾದವರೆಗೂ ಸಿಗಬಹುದು. ಕೈಯಿಂದ ಹಾಕುವುದು ಕಡಿಮೆ. ಆದರೆ ಹುಟ್ಟುವ ಬೌದ್ಧಿಕ ಹಕ್ಕಿನಲ್ಲಿ ಡಿಆರ್‌ಡಿಒಗೂ ಪಾಲು. ನಿಮ್ಮ ಇಡೀ ಕಂಪನಿ ಒಂದೇ ಡಿಸೈನ್ ಮೇಲೆ ನಿಂತಿದ್ದರೆ ವಕೀಲರಿಗೆ ಒಂದು ಸಲ ತೋರಿಸಿ ಸಹಿ ಹಾಕಿ.

ಈಗ ಪೀಣ್ಯದ ಶೆಡ್ಡಿಗೆ ವಾಪಸ್ ಬರೋಣ. ಮಗಳು ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದ್ದಳು. ಒಟ್ಟು 1 ಕೋಟಿ 80 ಲಕ್ಷ. ಸೆಲ್ಲುಗಳು, ಸರ್ಕ್ಯೂಟ್ ಬೋರ್ಡ್, ಪೆಟ್ಟಿಗೆಯ ಅಲ್ಯೂಮಿನಿಯಂ, ಇಬ್ಬರು ಎಂಜಿನಿಯರುಗಳ ಸಂಬಳ, ಎಲ್ಲ ನೀಟಾಗಿತ್ತು. ಕೆಳಗೆ ಒಂದು ಸಾಲು: ‘ಟೆಸ್ಟಿಂಗ್, 4 ಲಕ್ಷ.’

‘ಎಷ್ಟು ಸಲಕ್ಕೆ?’ ಅಂದೆ.

‘ಒಂದು ಸಲ.’

ನಾನು ನೋಡಿದ ಯಾವ ಮಾದರಿಯೂ ಮೊದಲ ಸಲ ಪಾಸಾಗಿಲ್ಲ. ಸೇನೆಗೆ ಹೋಗುವ ಎಲೆಕ್ಟ್ರಾನಿಕ್ಸ್ ಸಾಮಾನನ್ನು ಜೆಎಸ್‌ಎಸ್ 55555 ಅನ್ನುವ ಮಾನದಂಡದ ಪ್ರಕಾರ ಪರೀಕ್ಷಿಸುತ್ತಾರೆ. ಬೇಯಿಸುತ್ತಾರೆ, ಹೆಪ್ಪುಗಟ್ಟಿಸುತ್ತಾರೆ, ಕುಲುಕುತ್ತಾರೆ, ಧೂಳು ಎರಚುತ್ತಾರೆ, ಉಪ್ಪು ಮಂಜಿನಲ್ಲಿ ಇಡುತ್ತಾರೆ. ಇನ್ನೊಂದು ಮಿಲ್ ಸ್ಟ್ಯಾಂಡರ್ಡ್ 461. ನಿಮ್ಮ ಪೆಟ್ಟಿಗೆಯಿಂದ ಪಕ್ಕದ ರೇಡಿಯೋಗೆ ತೊಂದರೆ ಆಗುತ್ತದಾ, ಪಕ್ಕದ ರೇಡಾರಿನಿಂದ ನಿಮ್ಮ ಪೆಟ್ಟಿಗೆ ಕೆಡುತ್ತದಾ ಅಂತ ನೋಡುವುದು. ಫೇಲ್ ಆದರೆ ಸರಿಮಾಡಿ ಮತ್ತೆ ಲ್ಯಾಬಿನ ಸರದಿಯಲ್ಲಿ ನಿಲ್ಲಬೇಕು. ಲ್ಯಾಬಿನ ಫೀಜಿಗಿಂತ ಆ ಸರದಿಯೇ ದುಬಾರಿ. ಎಂಜಿನಿಯರುಗಳ ಸಂಬಳ ನಿಲ್ಲುವುದಿಲ್ಲ, ಮುಂದಿನ ಕಂತು ಬರುವುದಿಲ್ಲ.

ನಾನು ಆ ಸಾಲನ್ನು ಮೂರು ಪಟ್ಟು ಮಾಡಿಸಿದೆ. ಎರಡು ಕಂತಿನ ನಡುವೆ ಐದು ತಿಂಗಳು ಕೈಯಿಂದ ನಡೆಸುವ ದುಡ್ಡನ್ನು ಬೇರೆ ಹಾಳೆಯಲ್ಲಿ ಬರೆಸಿದೆ. ಅಪ್ಪನಿಗೆ ಸಿಟ್ಟು ಬಂತು. ‘ಇಷ್ಟು ಇದ್ದರೆ ಗ್ರಾಂಟ್ ಯಾಕೆ ಕೇಳ್ತಿದ್ದೆ?’ ನ್ಯಾಯವಾದ ಮಾತೇ. ಕೊನೆಗೆ ಹಳೆಯ ಮೆಷಿನ್ ಒಂದನ್ನು ಮಾರಿ, ಬೇರೆ ಕಂಪನಿಗಳಿಗೆ ಮಾಡಿಕೊಡುವ ಜಾಬ್‌ವರ್ಕ್ ಜಾಸ್ತಿ ಹಿಡಿದು ತಮ್ಮ ಪಾಲನ್ನು ಹೊಂದಿಸಿದರು.

ಗ್ರಾಂಟ್ ಸಿಕ್ಕಿತು, ಪೆಟ್ಟಿಗೆ ಲ್ಯಾಬಿಗೆ ಹೋಯಿತು. ಮೊದಲ ಪರೀಕ್ಷೆಯಲ್ಲಿ ಚಳಿ ದಾಟಿತು, ಬಿಸಿ ದಾಟಿತು. ಸಾವಿರಗಟ್ಟಲೆ ಸಲ ಎತ್ತಿ ಕುಕ್ಕುವ ಬಂಪ್ ಟೆಸ್ಟ್‌ನಲ್ಲಿ ಮುಚ್ಚಳದ ನಾಲ್ಕು ಸ್ಕ್ರೂಗಳಲ್ಲಿ ಒಂದು ಸಡಿಲವಾಗಿ ಒಳಗೆ ಬಿತ್ತು. ಎರಡು ರೂಪಾಯಿಯ ಸ್ಕ್ರೂ. ಅದು ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಆಯಿತು. ಲ್ಯಾಬ್ ರಿಪೋರ್ಟಿನಲ್ಲಿ ಒಂದೇ ಸಾಲು. ಶೆಡ್ಡಿಗೆ ಏಳು ವಾರ.

ಇಂಥ ಹೊತ್ತಲ್ಲಿ ಗಿರಾಕಿ ಎಷ್ಟು ಹತ್ತಿರ ಇದ್ದಾನೆ ಅನ್ನುವುದು ಗೊತ್ತಾಗುತ್ತದೆ. ಪ್ರತಿ ಸಮಸ್ಯೆಗೂ ಸೇನೆಯ ಕಡೆಯಿಂದ ಒಬ್ಬ ನೋಡಲ್ ಅಧಿಕಾರಿ ಇರುತ್ತಾರೆ. ತಿಂಗಳಿಗೊಮ್ಮೆ ಅವರ ಜೊತೆ ಮಾತಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಸಾಮಾನು ಯಾವ ಗಾಡಿಯಲ್ಲಿ ಹೋಗುತ್ತದೆ, ಕೈಗವಸು ಹಾಕಿಕೊಂಡ ಸೈನಿಕ ಅದನ್ನು ಹೇಗೆ ತೆಗೆಯುತ್ತಾನೆ, ಇವೆಲ್ಲ ಯಾವ ಡಾಕ್ಯುಮೆಂಟಲ್ಲೂ ಇರುವುದಿಲ್ಲ. ಇವರ ಪೆಟ್ಟಿಗೆಯ ಲ್ಯಾಚ್ ಬದಲಾಗಿದ್ದು ಹೀಗೇ ಒಂದು ಫೋನಿನಿಂದ. ದಪ್ಪ ಗವಸಿನ ಬೆರಳು ಮೊದಲ ಲ್ಯಾಚಿನೊಳಗೆ ಹೋಗುತ್ತಲೇ ಇರಲಿಲ್ಲ.

ಮಾತಾಡಿದ್ದನ್ನು ಅದೇ ಸಂಜೆ ಮೇಲ್ ಮಾಡಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಹಿಂದೊಮ್ಮೆ ನನ್ನ ಬೇರೊಬ್ಬ ಗಿರಾಕಿಯ ಕೆಲಸದಲ್ಲಿ ಅಧಿಕಾರಿ ‘ತೂಕ ಎರಡು ಕಿಲೋ ಜಾಸ್ತಿ ಆದರೂ ಪರವಾಗಿಲ್ಲ’ ಅಂದಿದ್ದರು. ಬಾಯಿಮಾತು. ಎಂಟು ತಿಂಗಳಲ್ಲಿ ಅವರಿಗೆ ವರ್ಗವಾಯಿತು. ಹೊಸದಾಗಿ ಬಂದವರು ಕಾಗದ ನೋಡಿದರು. ಕಾಗದದಲ್ಲಿ ಹಳೆಯ ತೂಕವೇ ಇತ್ತು. ಅವರ ತಪ್ಪೇನೂ ಇಲ್ಲ. ನಾನು ಒಂದು ಮೇಲ್ ಹಾಕಿಸದೇ ಹೋದದ್ದಕ್ಕೆ ಆ ಕಂಪನಿ ಹೊರಕವಚವನ್ನು ಪೂರ್ತಿ ಮತ್ತೆ ಮಾಡಬೇಕಾಯಿತು.

ಲೆಕ್ಕಪತ್ರದ ಬಗ್ಗೆ ಉದ್ದ ಬರೆಯುವುದಿಲ್ಲ. ಬೇರೆ ಬ್ಯಾಂಕ್ ಖಾತೆ ತೆಗೆಯಿರಿ. ಗ್ರಾಂಟಿನ ದುಡ್ಡಲ್ಲಿ ಹಳೆಯ ಸಾಲ ತೀರಿಸಬೇಡಿ. ಗ್ರಾಂಟ್ ಯಾವುದಕ್ಕೆ ಖರ್ಚಾಯಿತು ಅನ್ನುವ ಯುಟಿಲೈಸೇಶನ್ ಸರ್ಟಿಫಿಕೇಟ್ ಕೊಡುವ ಹೊತ್ತಿಗೆ ಸಿಎ ಹತ್ತಿರ ಬಿಲ್ಲಿನ ಚೀಲ ಸುರಿದರೆ ಯಾರಿಗೂ ಉಪಕಾರವಿಲ್ಲ. ಇನ್ನು ಆರ್ಡರ್ ಬಂದು ಸಾಮಾನು ಕೊಟ್ಟ ಮೇಲೆ, ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಕಾಯ್ದೆ ಹೇಳುತ್ತದೆ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆ ಬಡ್ಡಿ ಕೇಳಿ ಅದೇ ಗಿರಾಕಿಯ ಹತ್ತಿರ ಮುಂದಿನ ಆರ್ಡರಿಗೆ ಹೋಗುವ ಧೈರ್ಯ ಎಷ್ಟು ಜನಕ್ಕಿದೆ ಅನ್ನುವುದು ಬೇರೆ ಮಾತು.

ಎಲ್ಲರೂ ಇದಕ್ಕೆ ಕೈ ಹಾಕಬೇಕು ಅಂತ ನಾನು ಹೇಳುವುದಿಲ್ಲ. ವರ್ಷಕ್ಕೆ ಎರಡು ಕೋಟಿ ವಹಿವಾಟಿನ ಶೆಡ್ಡು ಮೂರು ಕೋಟಿಯ ಕನಸು ಕಟ್ಟಿದರೆ ನಾನೇ ತಡೆಯುತ್ತೇನೆ. ಆದರೆ ನಿಮ್ಮ ಸಾಮಾನಿಗೆ ಸೇನೆಯ ಹೊರಗೂ ಒಬ್ಬ ಕೊಳ್ಳುವವನು ಇದ್ದರೆ ಧೈರ್ಯ ಮಾಡಬಹುದು. ಈ ಬ್ಯಾಟರಿ ಪೆಟ್ಟಿಗೆಯನ್ನು ಬೆಟ್ಟದ ಮೇಲಿನ ಮೊಬೈಲ್ ಟವರಿನವರೂ ಕೇಳಿದ್ದಾರೆ. ಸೇನೆಯ ಆರ್ಡರ್ ಎರಡು ವರ್ಷ ತಡವಾದರೂ ಶೆಡ್ಡಿನ ಬಾಗಿಲು ಮುಚ್ಚುವುದಿಲ್ಲ ಅನ್ನುವ ಲೆಕ್ಕ ಹಾಕಿಯೇ ನಾನು ಇವರ ಅರ್ಜಿಗೆ ಕೈ ಹಾಕಿದ್ದು.

ಹೋದ ವಾರ ಹೋಗಿದ್ದೆ. ಎರಡನೇ ಸುತ್ತಿನ ಬಂಪ್ ಟೆಸ್ಟ್ ಪಾಸಾಗಿದೆ. ಇನ್ನು ಚಳಿಗಾಲದಲ್ಲಿ ಬಳಕೆದಾರರ ಟ್ರಯಲ್, ಮೇಲೆ ಬೆಟ್ಟದಲ್ಲಿ. ಮುಚ್ಚಳದಲ್ಲಿ ಈಗ ನಾಲ್ಕರ ಬದಲು ಆರು ಸ್ಕ್ರೂ, ಪ್ರತಿಯೊಂದಕ್ಕೂ ನೈಲಾನ್ ಲಾಕ್ ನಟ್. ಒಳಗೆ ಬಿದ್ದಿದ್ದ ಆ ಹಳೆಯ ಸ್ಕ್ರೂವನ್ನು ಮಗಳು ತನ್ನ ಮಾನಿಟರ್ ಕೆಳಗೆ ಟೇಪ್ ಹಾಕಿ ಅಂಟಿಸಿಕೊಂಡಿದ್ದಾಳೆ.