ಪದ ಪರಿಚಯ: ಆಲ್ವಿಯೋಲಾರ್ ಮ್ಯಾಕ್ರೋಫೇಜ್

ಮೂಗು, ಗಂಟಲು, ಶ್ವಾಸನಾಳಗಳ ಲೋಳೆಯನ್ನೆಲ್ಲ ದಾಟಿ ಶ್ವಾಸಕೋಶದ ಕೊನೆಯ ಗಾಳಿಗೂಡಿಗೆ ಇಳಿದ ರೋಗಾಣುವಿಗೆ ಮೊದಲು ಎದುರಾಗುವ ಜೀವಕೋಶವಿದು. ಲ್ಯಾಟಿನ್ನಿನ ‘ಆಲ್ವಿಯೋಲಸ್’ ಎಂದರೆ ಪುಟ್ಟ ಗೂಡು. ಗ್ರೀಕ್ ಮೂಲದ ‘ಮ್ಯಾಕ್ರೋಫೇಜ್’ ಎಂದರೆ ದೊಡ್ಡ ಭಕ್ಷಕ. ಗಾಳಿಗೂಡಿನ ಮಹಾಭಕ್ಷಕ ಎನ್ನಬಹುದು. ಇಲಿಗಳಲ್ಲಿ ಕಂಡಂತೆ, ಇದರ ಮೂಲಕೋಶಗಳು ಭ್ರೂಣದಲ್ಲೇ ಶ್ವಾಸಕೋಶ ಸೇರಿ, ಹುಟ್ಟಿದ ಮೇಲೆ ಅಲ್ಲೇ ಬಲಿತು, ಅಲ್ಲೇ ವಿಭಜನೆಗೊಂಡು ಉಳಿಯುತ್ತವೆ. ಬಲಿಯಲು ಬೇಕಾದ ಜಿಎಂ-ಸಿಎಸ್‌ಎಫ್ ಎಂಬ ಪ್ರೋಟೀನನ್ನು ಗೂಡಿನ ಗೋಡೆಯ ಟೈಪ್-2 ಕೋಶಗಳು ಒದಗಿಸುತ್ತವೆ. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಸಾಮಾನ್ಯವಾಗಿ ಇದರ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಬ್ಯಾಕ್ಟೀರಿಯವನ್ನು ನುಂಗಿದಾಗ ಅದರ ಸುತ್ತ ‘ಫ್ಯಾಗೋಸೋಮ್’ ಎಂಬ ಚೀಲ ಮೂಡುತ್ತದೆ. ಚೀಲದೊಳಕ್ಕೆ ಪ್ರೋಟಾನುಗಳು ನುಗ್ಗಿ ಒಳಗು ಆಮ್ಲೀಯವಾಗಿ ಪಿಎಚ್ ಸುಮಾರು 5ಕ್ಕೆ ಇಳಿಯುತ್ತದೆ, ಜೀರ್ಣಕಿಣ್ವಗಳ ಚೀಲವಾದ ಲೈಸೋಸೋಮ್ ಬಂದು ಬೆರೆತು ಕಿಣ್ವಗಳನ್ನು ಸುರಿಯುತ್ತದೆ, ಬ್ಯಾಕ್ಟೀರಿಯ ಕರಗುತ್ತದೆ. ಉರಿಯೂತ ಏಳದಿರುವುದೇ ಒಳ್ಳೆಯದು. ಉರಿಯೂತದಿಂದ ಗೂಡಿನಲ್ಲಿ ನೀರು ತುಂಬಿದರೆ ಆಮ್ಲಜನಕ ರಕ್ತಕ್ಕೆ ದಾಟುವುದು ಕಷ್ಟ.

ಆದರೆ ನುಂಗಿಸಿಕೊಳ್ಳುವುದನ್ನೇ ಬಯಸುವ ಬ್ಯಾಕ್ಟೀರಿಯಗಳೂ ಇವೆ. ಕ್ಷಯದ ರೋಗಾಣು ಒಂದು, ಲೀಜಿಯೊನೆಲ್ಲಾ ಇನ್ನೊಂದು. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶದ ಬಳಿಕ ಹರಡಿದ ನ್ಯುಮೋನಿಯಾಕ್ಕೆ 34 ಮಂದಿ ಬಲಿಯಾದರು. ಕಾರಣ ಲೀಜಿಯೊನೆಲ್ಲಾ ಎಂದು 1977ರಲ್ಲಿ ಗೊತ್ತಾಯಿತು. ಇದರ ಸಹಜ ಮನೆ ನೀರಿನ ಅಮೀಬಾ. ಅಮೀಬಾದ ಹೊಟ್ಟೆಯಲ್ಲಿ ಜೀರ್ಣವಾಗದೆ ಬದುಕಲು ಕಲಿತದ್ದು ಮ್ಯಾಕ್ರೋಫೇಜಿನಲ್ಲೂ ಉಪಯೋಗಕ್ಕೆ ಬರುತ್ತದೆ. ಸಿರಿಂಜಿನಂಥ ಯಂತ್ರವೊಂದರಿಂದ ಅದು 300ಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳನ್ನು ಕೋಶದೊಳಕ್ಕೆ ಚುಚ್ಚುತ್ತದೆ. ಚೀಲ ಲೈಸೋಸೋಮಿನ ದಾರಿ ಬಿಟ್ಟು, ಕೋಶದೊಳಗಿನ ಪೊರೆಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಯನ್ನು ಹೊದ್ದು, ಬ್ಯಾಕ್ಟೀರಿಯ ಬೆಳೆಯುವ ತೊಟ್ಟಿಲಾಗುತ್ತದೆ. ಚುಚ್ಚಿದ ಪ್ರೋಟೀನುಗಳಲ್ಲಿ ಕೆಲವು ಕೋಶದ ಪ್ರೋಟೀನು ಕಟ್ಟುವ ಯಂತ್ರಗಳಾದ ರೈಬೋಸೋಮುಗಳನ್ನೇ ತಡೆಯುವುದರಿಂದ, ಅದಕ್ಕೆ ಎಚ್ಚರಿಕೆಯ ಪ್ರೋಟೀನು ತಯಾರಿಸುವುದೂ ದುಸ್ತರ.

ಶ್ವಾಸಕೋಶದ ಸಹಜ ರೋಗನಿರೋಧಕ ವ್ಯವಸ್ಥೆಯ ನಿಜವಾದ ಸೊಗಸು ಕಾಣುವುದು ಇಲ್ಲಿಂದ ಮುಂದೆ. ಬ್ಯಾಕ್ಟೀರಿಯದ ಬಾಲದ ಪ್ರೋಟೀನಾದ ಫ್ಲ್ಯಾಜೆಲಿನ್ ಕೋಶರಸಕ್ಕೆ ಸೋರಿದರೆ ನೇಪ್ ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ. ಅದರಿಂದ ಕ್ಯಾಸ್ಪೇಸ್-1 ಎಂಬ ಕಿಣ್ವ ಎಚ್ಚೆತ್ತು, ಗ್ಯಾಸ್ಡರ್ಮಿನ್-ಡಿ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ಅದರ ತುಂಡುಗಳು ಕೋಶದ ಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ಕೋಶ ಒಡೆದು ಸಾಯುತ್ತದೆ. ಇದು ಸೋಲಲ್ಲ, ರೋಗಾಣುವಿನ ಮನೆಯನ್ನೇ ಕೆಡವಿದಂತೆ. ರೈಬೋಸೋಮುಗಳಿಗೆ ತಡೆಯಿದ್ದರೂ ಸೋಂಕಿತ ಕೋಶ ಎಚ್ಚರಿಕೆಯ ಪ್ರೋಟೀನಾದ ಇಂಟರ್‌ಲ್ಯೂಕಿನ್-1 ಅನ್ನು ಮಾತ್ರ ಹೇಗೋ ತಯಾರಿಸುತ್ತದೆ. ಆ ಕೂಗು ಪಕ್ಕದ ಟೈಪ್-2 ಕೋಶಗಳಿಗೆ ತಲುಪಿದಾಗ ಅವು ಜಿಎಂ-ಸಿಎಸ್‌ಎಫ್ ಹೆಚ್ಚಿಸುತ್ತವೆ. ಅದರಿಂದ ಹುರುಪುಗೊಂಡ, ಸೋಂಕು ತಗುಲದ ನೆರೆಯ ಭಕ್ಷಕಗಳು ಟಿಎನ್‌ಎಫ್, ಇಂಟರ್‌ಲ್ಯೂಕಿನ್-12 ಮುಂತಾದ ಎಚ್ಚರಿಕೆಯ ಪ್ರೋಟೀನುಗಳನ್ನು ಸ್ರವಿಸುತ್ತವೆ. ರಕ್ತದಿಂದ ಬಿಳಿ ರಕ್ತಕಣಗಳಾದ ನ್ಯೂಟ್ರೊಫಿಲ್‌ಗಳು ಬರುತ್ತವೆ. ಎನ್‌ಕೆ (ನ್ಯಾಚುರಲ್ ಕಿಲ್ಲರ್) ಎಂಬ ರಕ್ಷಕ ಕೋಶಗಳು ಸಂಕೇತದ ಪ್ರೋಟೀನಾದ ಇಂಟರ್‌ಫೆರಾನ್-ಗ್ಯಾಮಾ ಬಿಡುತ್ತವೆ. ಅದು ತಗುಲಿದ ಮ್ಯಾಕ್ರೋಫೇಜ್ ತನ್ನೊಳಗಿನ ಕಬ್ಬಿಣವನ್ನು ಬಿಗಿಹಿಡಿದು ಬ್ಯಾಕ್ಟೀರಿಯದ ಬೆಳವಣಿಗೆ ನಿಲ್ಲಿಸುತ್ತದೆ.

ಈ ಕೊಂಡಿಗಳಲ್ಲಿ ಒಂದು ಸಡಿಲವಾದರೂ ತೊಂದರೆ. ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಚುಚ್ಚುಮದ್ದು ಪಡೆಯುವವರು, ಸ್ಟೀರಾಯ್ಡ್ ಸೇವಿಸುವವರು, ಅಂಗಾಂಗ ಕಸಿಯಾದವರು, ಧೂಮಪಾನಿಗಳು, 50 ದಾಟಿದವರು ಹೆಚ್ಚು ಅಪಾಯದಲ್ಲಿರುತ್ತಾರೆ. ಟಿಎನ್‌ಎಫ್ ತಡೆ ಮದ್ದಿಗೆ ಮುನ್ನ ಕ್ಷಯದ ತಪಾಸಣೆ ಮಾಡಿಸುವುದೂ ಇದೇ ಕಾರಣಕ್ಕೆ.

ಚಿಕಿತ್ಸೆಯಲ್ಲೂ ಬ್ಯಾಕ್ಟೀರಿಯದ ವಿಳಾಸ ಮುಖ್ಯ. ಪೆನಿಸಿಲಿನ್ ಗುಂಪಿನ ಔಷಧಗಳು ಮ್ಯಾಕ್ರೋಫೇಜಿನೊಳಗೆ ಸಾಕಷ್ಟು ಸೇರುವುದಿಲ್ಲ, ಹಾಗಾಗಿ ಲೀಜಿಯೊನೆಲ್ಲಾ ಮೇಲೆ ನಡೆಯುವುದಿಲ್ಲ; ಕೋಶದೊಳಗೆ ಶೇಖರವಾಗುವ ಅಜಿಥ್ರೋಮೈಸಿನ್ ಅಥವಾ ಲಿವೋಫ್ಲಾಕ್ಸಾಸಿನ್ ಬೇಕು. ಮೂತ್ರದ ಆ್ಯಂಟಿಜೆನ್ ಪರೀಕ್ಷೆ ಬಹುಮಟ್ಟಿಗೆ ಲೀಜಿಯೊನೆಲ್ಲಾದ ಸೀರೋಗ್ರೂಪ್-1 ಎಂಬ ಒಂದು ಬಗೆಯನ್ನಷ್ಟೇ ಗುರುತಿಸುವುದರಿಂದ, ಅದು ನೆಗೆಟಿವ್ ಬಂದಿತೆಂದು ಈ ಔಷಧಗಳನ್ನು ನಿಲ್ಲಿಸಿಬಿಡುವುದು ಸರಿಯಲ್ಲ. ಕಫದ ಪಿಸಿಆರ್ ಅಥವಾ ಕಲ್ಚರ್ (ಬ್ಯಾಕ್ಟೀರಿಯವನ್ನು ಬೆಳೆಸಿ ಗುರುತಿಸುವ ಪರೀಕ್ಷೆ) ಕೂಡ ನೋಡಬೇಕು.