ಕುದುರೆಮುಖ: ಗಣಿಯನ್ನು ಮಡಿಲಲ್ಲಿಟ್ಟುಕೊಂಡೇ ಹುಟ್ಟಿದ ಉದ್ಯಾನ

ಕಳಸದಿಂದ ಕಾರ್ಕಳಕ್ಕೆ ಘಟ್ಟ ಇಳಿಯುವ ರಸ್ತೆಯಲ್ಲಿ ಎತ್ತ ನೋಡಿದರೂ ಗುಡ್ಡದ ನೆತ್ತಿಯಲ್ಲಿ ಬರೀ ಹುಲ್ಲು. ಕಣಿವೆಯ ಸಂದಿನಲ್ಲಿ ಮಾತ್ರ ಮರಗಳು ಕಪ್ಪಗೆ ಒತ್ತಿಕೊಂಡಿರುತ್ತವೆ. ಕಾಡು ಕಡಿದು ಬೋಳಾಗಿಸಿದ್ದಾರೆ ಎಂದು ಮರುಗುವ ಪ್ರವಾಸಿಗರಿದ್ದಾರೆ. ಹಾಗೇನಿಲ್ಲ, ಶೋಲಾ ಕಾಡು ಇರುವುದೇ ಹೀಗೆ. ಆಷಾಢದ ಮಳೆಯನ್ನು ಈ ಹುಲ್ಲು ಬೇರಿನಲ್ಲಿ ಹಿಡಿದಿಟ್ಟು, ಬೇಸಿಗೆಯಲ್ಲೂ ಹಳ್ಳಗಳಿಗೆ ಹನಿಹನಿಯಾಗಿ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲ ಇರುವುದು ಇಲ್ಲಿಯೇ.

ಅದೇ ಹುಲ್ಲಿನ ಅಡಿಯಲ್ಲಿ ಕಬ್ಬಿಣದ ಅದಿರೂ ಇತ್ತು. 1976ರಲ್ಲಿ ಕೇಂದ್ರ ಸರ್ಕಾರದ ಕಂಪನಿ ಸ್ಥಾಪನೆಯಾಯಿತು. ದುಡ್ಡು ಕೊಟ್ಟು ಅದಿರು ಕೊಳ್ಳಬೇಕಿದ್ದುದು ಇರಾನ್. 1979ರ ಕ್ರಾಂತಿಯಲ್ಲಿ ಷಾ ಪದಚ್ಯುತನಾದ, ಒಪ್ಪಂದ ನೆನೆಗುದಿಗೆ ಬಿತ್ತು. ಗಣಿ ಮಾತ್ರ ನಿಲ್ಲಲಿಲ್ಲ. ಅದಿರನ್ನು ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಹಳ್ಳಕ್ಕೆ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಅಣೆಕಟ್ಟೆಯ ಹಿಂದೆ ತುಂಬುತ್ತಿತ್ತು.

ಈ ನಡುವೆ ಸಿಂಗಳೀಕದ ಪ್ರವೇಶವಾಯಿತು. ಮೈ ಕಪ್ಪು, ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಗೆ ಸಿಂಹದಂತೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲದ ಈ ಕೋತಿ ಬದುಕು ಕಳೆಯುವುದು ಹೆಚ್ಚಾಗಿ ಮರದ ಮೇಲೆಯೇ. ಕೊಂಬೆಗೆ ಕೊಂಬೆ ತಾಗದಿದ್ದರೆ ಅದರ ದಾರಿ ಅಲ್ಲಿಗೇ ಮುಗಿಯಿತು. 1980ರ ದಶಕದ ಆರಂಭದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಇವುಗಳ ನೆಲೆಯನ್ನು ಸಮೀಕ್ಷೆ ಮಾಡಿದರು. ಆ ಸಮೀಕ್ಷೆಯ ಫಲವಾಗಿ 1987ರಲ್ಲಿ ಸುಮಾರು 600 ಚದರ ಕಿ.ಮೀ. ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಹುಲಿ, ಕಾಟಿ, ಕಡವೆಗಳಿಗೂ ರಕ್ಷಣೆ ಸಿಕ್ಕಿದ್ದು ಈ ಕೋತಿಯ ಹೆಸರಿನಲ್ಲಿ ಎನ್ನಬಹುದು.

ವಿಚಿತ್ರವೆಂದರೆ, ಗಡಿ ಗುರುತಿಸಿದಾಗ ಗಣಿಯೂ ಉದ್ಯಾನದೊಳಗೇ ಇತ್ತು. ಒಣಗಿದ ಎಲೆ ಹೆಕ್ಕಿದರೂ ತಪ್ಪು ಎನ್ನುವ ಕಾನೂನಿನ ನೆಲದಲ್ಲಿ ಗುಡ್ಡವನ್ನೇ ಅಗೆಯುವ ಕೆಲಸ ಮತ್ತೆ 18 ವರ್ಷ ನಡೆಯಿತು. ಮಳೆಗಾಲ ಬಂತೆಂದರೆ ಭದ್ರೆ ಕೆಂಪಗೆ ಹರಿಯುತ್ತಿದ್ದಳು. 1999ರಲ್ಲಿ ಗುತ್ತಿಗೆ ಮುಗಿದಾಗ ಕಂಪನಿ ಇನ್ನೂ 20 ವರ್ಷ ಬೇಕೆಂದಿತು. ನಿವೃತ್ತ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2005ರ ಕೊನೆಯೊಳಗೆ ಗಣಿಗಾರಿಕೆ ನಿಲ್ಲಬೇಕು ಎಂದು 2002ರ ಅಕ್ಟೋಬರ್ 30ರಂದು ತೀರ್ಪು ಬಂತು.

ಇದನ್ನು ಗೆಲುವೆಂದು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಉದ್ಯಾನದೊಳಗಿನ ಮಲೆಕುಡಿಯ ಬುಡಕಟ್ಟಿನವರಿಗೆ, ಸಣ್ಣ ರೈತರಿಗೆ ಗಣಿಗಿಂತ ದೊಡ್ಡ ಚಿಂತೆಯಾಗಿದ್ದುದು ಒಕ್ಕಲೆಬ್ಬಿಸುವ ಮಾತು. ಪರಿಹಾರ ಪಡೆದು ಹೊರಬಂದವರಿದ್ದಾರೆ, ಒಲ್ಲೆನೆಂದು ಉಳಿದವರೂ ಇದ್ದಾರೆ. ಕುದುರೆಮುಖದ ಮಲ್ಲೇಶ್ವರದಲ್ಲಿರುವ ಕಂಪನಿ ವಸತಿಯ ಸಾಲು ಮನೆಗಳು ಮಾತ್ರ ಖಾಲಿಯಾಗಿ ಪಾಚಿ ಹಿಡಿದಿವೆ. ಲಕ್ಯಾ ಕಟ್ಟೆಯ ಹಿಂದಿನ ಕಣಿವೆಯಲ್ಲಿ ಗಣಿಯ ಕೆಸರು ಇನ್ನೂ ಹಾಗೆಯೇ ಇದೆ.